ಒಂಬತ್ತನೆಯ ಕಂತು ಬರೆದವಳಿಗೆ

ಮೂಡುಬಿದಿರೆ
೯ ಜನವರಿ ೨೦೨೫

ಪ್ರೀತಿಯ ಸೌದಾ,

ಈ ಲಕೋಟೆ ಕೈಗೆ ಬಂದಾಗ ನೀನು ಮೊದಲು ಹಿಂದೆ ತಿರುಗಿಸಿ ಯಾರದೆಂದು ನೋಡುತ್ತೀಯ, ಆಮೇಲೆ ಬೈಯುತ್ತೀಯ. ಬೈದು ಮುಗಿಸಿಯೇ ಓದು. ನಿನ್ನ ಮಗಳು ರಾಫಿಯಾಳ ಮದುವೆಯ ದಿನ ಊಟದ ಚಪ್ಪರದಲ್ಲಿ ನಿನ್ನ ಕೈ ಹಿಡಿದು ತಿಂಗಳಿಗೊಂದು ಕಾಗದ ಹಾಕುತ್ತೇನೆ ಎಂದವಳು ನಾನೇ. ಈಗ ಆ ರಾಫಿಯಾಳ ಮಗ ಒಂದನೆಯ ಕ್ಲಾಸಿಗೆ ಹೋಗುತ್ತಿದ್ದಾನಂತೆ. ಇಷ್ಟು ವರ್ಷದ ತಡಕ್ಕೆ ಏನು ಸಬೂಬು ಹೇಳಿದರೂ ನೀನು ನಂಬುವುದಿಲ್ಲ, ಹಾಗಾಗಿ ಹೇಳುವುದಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ನಿನಗೆ ಕಿವಿ ಮಂದವಾದ ಮೇಲೆ ನಿನ್ನ ಸೊಸೆ ಉಝ್ಮಾ ಫೋನ್ ತೆಗೆದುಕೊಂಡು, ನಾನು ಹೇಳಿದ್ದನ್ನು ನಿನಗೆ ಕೂಗಿ ಹೇಳಿ, ನೀನು ಹೇಳಿದ್ದನ್ನು ನನಗೆ ಮೆಲ್ಲಗೆ ಹೇಳುತ್ತಾಳೆ. ಪಾಪದ ಹುಡುಗಿ. ಅವಳ ಬಾಯಿಯಿಂದ ದಾಟಿಸುವ ವಿಷಯ ಇದಲ್ಲ. ಮತ್ತೆ, ನಾವಿಬ್ಬರೂ ಬಾಯಲ್ಲಿ ತುಳು ಆಡಿದರೂ ಮುಖ್ಯವಾದದ್ದನ್ನೆಲ್ಲ ಕಾಗದದಲ್ಲಿ ಕನ್ನಡದಲ್ಲಿಯೇ ಬರೆದುಕೊಂಡವರು.

ನಾನು ಆರಾಮ ಇದ್ದೇನೆ. ಕಾಲೇಜಿನಲ್ಲಿ ಇನ್ನೆರಡು ವರ್ಷದ ಸರ್ವೀಸ್ ಉಂಟು. ಫಿಸಿಕ್ಸ್ ಕಲಿಸುವುದಕ್ಕಿಂತ ಮಕ್ಕಳ ಮೊಬೈಲ್ ಹಿಡಿದಿಡುವುದೇ ದೊಡ್ಡ ಕೆಲಸ. ನಮ್ಮ ಮನೆಯವರು ಮೊಣಕಾಲು ನೋವಿನವರು, ಬೆಳುವಾಯಿಯ ಗದ್ದೆಗೆ ಈಗ ಕಾರಿನಲ್ಲಿಯೇ ಹೋಗಿ ಕಾರಿನಲ್ಲಿಯೇ ಕೂತು ನೋಡಿ ಬರುತ್ತಾರೆ.

ವಿಷಯಕ್ಕೆ ಬರುತ್ತೇನೆ. ಕಳೆದ ವಾರ ಸ್ಟಾಫ್ ರೂಮಿಗೆ ಒಬ್ಬಳು ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಅಕ್ಷಿತಾ ಎಂದು ಹೆಸರು. ಮೂವತ್ತರ ಹತ್ತಿರದ ವಯಸ್ಸು, ಕೂದಲು ಹುಡುಗರ ಹಾಗೆ ಕತ್ತರಿಸಿದ್ದಾಳೆ, ತಾಯಿಯ ಮನೆ ಬೆಳ್ತಂಗಡಿ. ಮೊಬೈಲಿನಲ್ಲಿ ಧಾರಾವಾಹಿ ತೋರಿಸುವ ಬೆಂಗಳೂರಿನ ಒಂದು ಕಂಪನಿಗೆ ಅವಳು ನಿರ್ದೇಶಕಿ. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದಳು, “ಮೇಡಂ, ‘ಏಳನೆಯ ಕಕ್ಷೆ’ ಬರೆದ ಶಶಿಪ್ರಭಾ ನೀವೇನಾ?”

ತಿದ್ದುತ್ತಿದ್ದ ಉತ್ತರಪತ್ರಿಕೆಗಳನ್ನು ಬದಿಗಿಟ್ಟೆ. ಮೂವತ್ತನಾಲ್ಕು ವರ್ಷವಾಯಿತು ಸೌದಾ, ಆ ಹೆಸರನ್ನು ಯಾರ ಬಾಯಲ್ಲೂ ಕೇಳದೆ. ನನ್ನ ಮಗಳಿಗೇ ಸರಿಯಾಗಿ ಗೊತ್ತಿಲ್ಲ.

ಅವರು ಅದನ್ನು ಪುನಃ ಮಾಡಬೇಕೆಂದು ಹೊರಟಿದ್ದಾರಂತೆ. ಈಗಿನ ಕಾಲದವರಿಗೆ, ಈಗಿನ ಕ್ಯಾಮೆರಾದಲ್ಲಿ. ನಮ್ಮ ಪ್ಲೈವುಡ್ಡಿನ ಬಾಹ್ಯಾಕಾಶ ನಿಲ್ದಾಣ, ನೂಲಿನಲ್ಲಿ ನೇತುಹಾಕಿದ ಉಪಗ್ರಹ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ನಿಜದ ಹಾಗೆ ಮಾಡುತ್ತಾರಂತೆ. ನಾನು ಮೊದಲು ನಂಬಲಿಲ್ಲ. ಯಾರು ನೆನಪಿಟ್ಟಿದ್ದಾರೆ ಅದನ್ನು ಎಂದು ಕೇಳಿದೆ. ಆಗ ಅವಳು ಹೇಳಿದ್ದು ಕೇಳು. ಅವಳ ತಾಯಿಗೆ ನಮ್ಮ ಧಾರಾವಾಹಿಯೆಂದರೆ ಪ್ರಾಣ. ವಿಡಿಯೊ ಮಾಡುವ ಅನುಕೂಲ ಇರಲಿಲ್ಲ, ಹಾಗಾಗಿ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಧ್ವನಿ ಮಾತ್ರ ಹಿಡಿದಿಟ್ಟಿದ್ದರಂತೆ. ಹದಿಮೂರು ಕಂತುಗಳಲ್ಲಿ ಉಳಿದದ್ದು ಒಂದೇ ಕ್ಯಾಸೆಟ್. ಅದೂ ಒಂಬತ್ತನೆಯದು!

ನಿನಗೆ ನಗು ಬರಬೇಕು. ಒಂದೇ ಒಂದು ಮಾತಿಲ್ಲದ ಕಂತು ಅದು. ನಿಲ್ದಾಣದಲ್ಲಿ ಗಾಳಿ ಕಡಿಮೆಯಾಗಿ, ಮಾತಾಡಿದರೆ ಉಸಿರು ಖರ್ಚಾಗುತ್ತದೆಂದು ಐದೂ ಜನ ಇಡೀ ದಿನ ಸುಮ್ಮನೆ ಕೂರುವ ಕಂತು. ಯಂತ್ರದ ಗುಂಯ್‌ಗುಡುವ ಶಬ್ದ, ಉಸಿರು, ನಡುವೆ ಬೆಳ್ತಂಗಡಿಯ ಆ ಮನೆಯ ಕುಕ್ಕರಿನ ಸೀಟಿ, ಅವಳ ಅಜ್ಜಿಯ ಕೆಮ್ಮು. ಅಕ್ಷಿತಾ ಚಿಕ್ಕಂದಿನಿಂದ ಅದನ್ನು ಕೇಳಿಯೇ ಬೆಳೆದಳಂತೆ. ಅವಳ ತಾಯಿ ಪಕ್ಕದಲ್ಲಿ ಕೂತು, ಈಗ ಡಾಕ್ಟರು ಹುಡುಗಿಯ ಕೈ ಹಿಡಿದರು, ಈಗ ಮುದುಕ ತನ್ನ ಪಾಲಿನ ಗಾಳಿಯ ನಳಿಗೆ ಮುಚ್ಚಿದ, ಎಂದು ಹೇಳುತ್ತಿದ್ದರಂತೆ. “ನಾನು ಸಿನೆಮಾಕ್ಕೆ ಬಂದದ್ದೇ ಆ ಕಂತಿನಿಂದ ಮೇಡಂ” ಎಂದಳು.

ಶುರುವಾದದ್ದು ಹೇಗೆ ಎಂದು ಕೇಳಿದಳು. ನಾನು ಹೇಳಿದ್ದು ಸರಿಯಾ ನೋಡು. ಡಿಗ್ರಿ ಮುಗಿದು ನಾನು ಕಾಲೇಜಿನಲ್ಲಿ ತಾತ್ಕಾಲಿಕಕ್ಕೆ ಸೇರಿದ್ದೆ, ನೀನು ಮನೆಯಲ್ಲಿದ್ದೆ. ಬೆಂಗಳೂರಿನ ನಿರ್ಮಾಪಕರೊಬ್ಬರು ವಿಜ್ಞಾನದ ಧಾರಾವಾಹಿಗೆ ಕಥೆ ಬೇಕೆಂದು ಪೇಪರಿನಲ್ಲಿ ಹಾಕಿದ್ದರು. ನಿಮ್ಮ ಮನೆಯ ಮಹಡಿಯಲ್ಲಿ ಕೂತು ಎಂಟು ತಿಂಗಳು ಬರೆದೆವು. ನಿನ್ನ ಉಮ್ಮ ಜೈನರ ಹುಡುಗಿ ಎಂದು ನನಗೆ ಹೊಸ ಪಾತ್ರೆ ತೆಗೆದಿಟ್ಟು, ಕತ್ತಲಾಗುವ ಮೊದಲೇ ತಿನ್ನಲಿ ಎಂದು ಐದು ಗಂಟೆಗೆಲ್ಲ ಅಕ್ಕಿರೊಟ್ಟಿಯ ಹಾಗಿನ ಪತ್ತಿರ್ ಸುಟ್ಟು ಬೆಲ್ಲದ ಹಾಲಿನ ಜೊತೆ ಮೇಲೆ ಕಳಿಸುತ್ತಿದ್ದರು. ಗ್ರಹ, ಕಕ್ಷೆ, ವೇಗ ಎಲ್ಲ ನನ್ನದು. ಮನುಷ್ಯರೆಲ್ಲ ನಿನ್ನವರು. ಒಂಬತ್ತನೆಯದಂತೂ ಮೊದಲ ಅಕ್ಷರದಿಂದ ಕೊನೆಯವರೆಗೆ ನಿನ್ನದೇ.

ಇದೆಲ್ಲ ಹೇಳುವ ಮೊದಲು ಅವಳು ಕೇಳಿದ್ದಳು, “ಬರೆದದ್ದು ನೀವೊಬ್ಬರೇ ಅಲ್ವಾ? ಹಳೆಯ ಪೇಪರಿನಲ್ಲಿ ನಿಮ್ಮ ಹೆಸರೊಂದೇ ಉಂಟು.” ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಬಂದು ಕೂತ ಮೇಲೆ ಇಬ್ಬರು ಎಂದು ಹೇಳಿದೆ. ಅವಳು ಪುಸ್ತಕ ತೆಗೆದು ನಿನ್ನ ಹೆಸರು ಬರೆದುಕೊಂಡಳು.

ಆಗಿನಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ಕ್ಲಾಸಿನಲ್ಲಿ ಹೇಳಿದ್ದನ್ನೇ ಎರಡು ಸಲ ಹೇಳುತ್ತೇನೆ. ಒಂದು ಹೆದರಿಕೆ, ನಮ್ಮ ತಪ್ಪುಗಳದ್ದು. ಗುರುತ್ವವಿಲ್ಲದ ಕಡೆ ನಮ್ಮವರು ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. ಈಗಿನ ಮಕ್ಕಳು ಬಿಡುತ್ತಾರಾ? ಫಿಸಿಕ್ಸ್ ಮೇಡಮ್ಮಿನ ಚಹಾ ಎಂದು ಊರೆಲ್ಲ ಹಂಚುತ್ತಾರೆ. ಇನ್ನೊಂದು ಹೆದರಿಕೆ, ಇವರು ಅದನ್ನು ಏನು ಮಾಡಿಬಿಡುತ್ತಾರೋ ಎಂದು. ಟೇಪುಗಳು ಯಾರ ಹತ್ತಿರವೂ ಇಲ್ಲ. ನಿರ್ಮಾಪಕರು ತೀರಿಹೋದ ಮೇಲೆ ಅವರ ಮನೆಯವರು ಹಳೆಯ ಸಾಮಾನಿನ ಜೊತೆ ಎಸೆದರಂತೆ. ನನ್ನ ಹತ್ತಿರ ಹನ್ನೆರಡು ಕಂತುಗಳ ಪ್ರತಿ ಉಂಟು, ಅಲ್ಲಲ್ಲಿ ಗೆದ್ದಲು ತಿಂದು. ಒಂಬತ್ತನೆಯದು ನಿನ್ನ ನೋಟ್‌ಪುಸ್ತಕದಲ್ಲಿ ಮಾತ್ರ ಇದ್ದದ್ದು. ಅದು ಈಗಲೂ ಇದೆಯಾ? ಮತ್ತೆ, ಈ ಸಲ ನಿನ್ನ ಹೆಸರು ಹಾಕಬಹುದಾ? ಇವೆರಡಕ್ಕೆ ಉತ್ತರ ಬರೆ.

ನಿಮ್ಮ ಮನೆಯವರು ಖಲೀಲರಿಗೆ ನನ್ನ ಸಲಾಂ ಹೇಳು. ಮೊಮ್ಮಗ ಚೆನ್ನಾಗಿ ಓದಲಿ.

ನಿನ್ನ
ಶಶಿ

ತಾ. ಕ.: ಅಕ್ಷಿತಾ ನಿನ್ನ ವಿಳಾಸ ಕೇಳಿದಳು. ನಿನ್ನನ್ನು ಕೇಳದೆ ಕೊಡಲಿಲ್ಲ.


ಮೂಡುಬಿದಿರೆ
೨ ಫೆಬ್ರವರಿ ೨೦೨೫

ಪ್ರೀತಿಯ ಸೌದಾ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ನೀನು ಮರುಟಪ್ಪಾಲಿಗೇ ಬರೆದಿದ್ದೀಯ, ನಾನು ಪುನಃ ತಡ ಮಾಡಿದೆ. ನಾಲ್ಕು ಸಲ ಪೆನ್ನು ಹಿಡಿದು ಕೂತು ನಾಲ್ಕು ಸಲವೂ ಎದ್ದಿದ್ದೇನೆ.

ಅಕ್ಷರ ಈಗಲೂ ಹಾಗೆಯೇ ಉಂಟು, ಮುತ್ತು ಪೋಣಿಸಿದ ಹಾಗೆ. ನೋಟ್‌ಪುಸ್ತಕ ನಿನ್ನ ಪೆಟ್ಟಿಗೆಯಲ್ಲಿ ಕ್ಷೇಮವಾಗಿದೆ ಎಂದು ಓದಿ ಜೀವ ಬಂದ ಹಾಗಾಯಿತು. ಲೋಟದ ಚಹಾದ ಬಗ್ಗೆ ನೀನು ಆಗಲೇ ಹೇಳಿದ್ದೆ, ನಾನೇ ಕೇಳಲಿಲ್ಲ ಎಂದು ಬರೆದಿದ್ದೀಯ. ಹೌದು. ಬಾಟನಿಯವಳಿಗೆ ಏನು ಗೊತ್ತು ಎಂದುಕೊಂಡಿದ್ದೆ.

ಹೆಸರಿನ ವಿಷಯದಲ್ಲಿ ನೀನು ಬರೆದದ್ದನ್ನು ಓದಿ ಕಾಗದ ಮಡಚಿಟ್ಟೆ. ಹೊರಗೆ ಹೋಗಿ ಹೂವಿನ ಗಿಡಗಳಿಗೆ ನೀರು ಹಾಕಿದೆ. ಬೆಳಿಗ್ಗೆಯೇ ಹಾಕಿಯಾಗಿತ್ತು. ಮಗಳ ಹೆಸರು ಟಿವಿಯಲ್ಲಿ ಬರುವುದು ಬೇಡ ಎಂದು ಬಾಪ ಅಂದಿದ್ದರು, ಅವರು ಇದ್ದಾಗಲೇ ಅವರ ಮಾತು ಮೀರಲಿಲ್ಲ, ಈಗ ಅಪ್ಪಣೆ ಕೇಳುವುದಕ್ಕೂ ಅವರಿಲ್ಲದಾಗ ಹೇಗೆ ಮೀರಲಿ, ಎಂದು ಬರೆದಿದ್ದೀಯಲ್ಲ. ಅದು ಇರಲಿ. ಬೇರೆ ಸುದ್ದಿ ಹೇಳುತ್ತೇನೆ.

ಮೊನ್ನೆ ಕಂಪ್ಯೂಟರಿನಲ್ಲಿ ಮೀಟಿಂಗ್ ಆಯಿತು. ಅಕ್ಷಿತಾಳ ಮೇಲಿನವರು ಮೂರು ಜನ, ಮೂರು ಚೌಕದೊಳಗೆ ಮೂರು ಮುಖ. ಮರ್ಯಾದೆಯವರೇ, ಮಾತು ಮಾತಿಗೆ ಮೇಡಂ ಎನ್ನುತ್ತಾರೆ. ಆದರೆ ಅವರು ಹೇಳಿದ್ದು ಕೇಳು. ಹದಿಮೂರು ಕಂತು ಬೇಡ, ಎಂಟು ಸಾಕಂತೆ. ನಮ್ಮ ಕಥೆಯಲ್ಲಿ ವೈರಿಯೇ ಇಲ್ಲವಂತೆ. ಭೂಮಿಯ ಸಂಪರ್ಕ ತಪ್ಪಿಹೋದ ಐದು ಜನ ಒಬ್ಬರನ್ನೊಬ್ಬರು ಸಂಭಾಳಿಸಿಕೊಂಡು ಬದುಕುವುದು ಹಳೆಯ ಕಾಲಕ್ಕೆ ಸರಿ, ಈಗ ಮೊದಲ ಹತ್ತು ನಿಮಿಷದಲ್ಲಿ ಏನಾದರೂ ಸ್ಫೋಟವಾಗದಿದ್ದರೆ ಜನ ಬೆರಳು ಜಾರಿಸಿ ಮುಂದಿನದಕ್ಕೆ ಹೋಗುತ್ತಾರಂತೆ. ಐವರಲ್ಲಿ ಒಬ್ಬ ದ್ರೋಹಿ ಇರಲಿ ಎಂದರು.

ನಾನು ವಾದ ಮಾಡಿದೆ. ತರಗತಿಯಲ್ಲಿ ಮಾಡುವ ಹಾಗೆ ಉದಾಹರಣೆ ಕೊಟ್ಟೆ. ಅವರು ತಲೆ ಅಲ್ಲಾಡಿಸುತ್ತಿದ್ದರು, ಆದರೆ ಒಬ್ಬರು ಬೇರೇನೋ ಓದುತ್ತಿದ್ದದ್ದು ಅವರ ಕನ್ನಡಕದಲ್ಲಿ ಕಾಣುತ್ತಿತ್ತು. ಒಂಬತ್ತನೆಯ ಕಂತಿನ ಮಾತು ಬಂದಾಗ ಅದೇ ಕನ್ನಡಕದವರು, “ಅದನ್ನು ಮೂರು ನಿಮಿಷಕ್ಕೆ ಇಳಿಸುವ ಮೇಡಂ, ಹಿಂದೆ ಒಳ್ಳೆಯ ಮ್ಯೂಸಿಕ್ ಹಾಕುವ” ಎಂದರು.

ಇಪ್ಪತ್ತನಾಲ್ಕು ನಿಮಿಷದ ಮೌನಕ್ಕೆ ಮ್ಯೂಸಿಕ್ ಹಾಕುತ್ತಾರಂತೆ ಸೌದಾ.

ಮೀಟಿಂಗ್ ಮುಗಿದ ಮೇಲೆ ಅಕ್ಷಿತಾ ಫೋನ್ ಮಾಡಿದಳು. ಆ ಕಂತು ಹೋದರೆ ತಾನು ಈ ಕೆಲಸವನ್ನೇ ಬಿಡುತ್ತೇನೆ ಎಂದಳು. ಅವಳ ಪ್ರಕಾರ ದಾರಿ ಒಂದೇ. ನೋಟ್‌ಪುಸ್ತಕದಲ್ಲಿ ಇದ್ದದ್ದನ್ನು ಬರೆದವರೇ ಓದಬೇಕು, ಅವಳು ಅದನ್ನು ರೆಕಾರ್ಡ್ ಮಾಡಿಕೊಂಡು ಹೋಗಿ ಆ ಮೂವರಿಗೆ ತೋರಿಸಬೇಕು. ಮಾತಿಲ್ಲದ್ದನ್ನು ನೀನು ಬರೆದ ರೀತಿ ಅವರಿಗೆ ಗೊತ್ತಾದರೆ ಒಪ್ಪಬಹುದು. ಹೇಗೂ ಮಾರ್ಚ್ ಕೊನೆಯೊಳಗೆ ಕಥೆ ಯಾರದು ಎಂದು ಬರೆದವರೆಲ್ಲ ಸಹಿ ಹಾಕಿ ಕೊಡಬೇಕಂತೆ, ಆಮೇಲೆ ಹೆಸರು ಸೇರಿಸುವುದಕ್ಕೂ ಆಗುವುದಿಲ್ಲ, ತೆಗೆಯುವುದಕ್ಕೂ ಆಗುವುದಿಲ್ಲ.

ಹಾಗಾಗಿ ನಾವಿಬ್ಬರೂ ಉಪವಾಸದ ತಿಂಗಳು ಶುರುವಾಗುವ ಮೊದಲು ಕನ್ಯಾನಕ್ಕೆ, ನಿನ್ನ ಮನೆಗೆ ಬರುತ್ತೇವೆ. ಬೇಡ ಅನ್ನಬೇಡ. ಅಡುಗೆಯ ಗಡಿಬಿಡಿ ಮಾಡಿಕೊಳ್ಳಬೇಡ, ಒಂದು ಎಳನೀರು ಸಾಕು.

ನಿಜ ಹೇಳಬೇಕೆಂದರೆ ನನಗೆ ನಿನ್ನನ್ನು ನೋಡುವ ಆಸೆಯೂ ಉಂಟು, ಹೆದರಿಕೆಯೂ ಉಂಟು. ಯಾಕೆ ಎಂದು ಕೇಳಬೇಡ. ಮನೆಯಲ್ಲಿ ಇವರು, ನಿನಗೆ ಬಿಪಿ ಇರಬೇಕು, ಒಮ್ಮೆ ತೋರಿಸಿ ಬರುವ ಎಂದು ಹೇಳುತ್ತಿದ್ದಾರೆ.

ಎಲ್ಲರೂ ಸುಖವಾಗಿರಿ.

ನಿನ್ನ
ಶಶಿ

ತಾ. ಕ.: ಹೆಸರಿನ ವಿಷಯ ಇನ್ನೊಮ್ಮೆ ಯೋಚಿಸು. ಕಾಲ ಬದಲಾಗಿದೆ. ನಿನ್ನ ಬಾಪ, ನಮ್ಮ ಹಮೀದಾಕ, ಈಗ ಇದ್ದಿದ್ದರೆ ಬೇಡ ಅನ್ನುತ್ತಿರಲಿಲ್ಲವೇನೋ.


ಮೂಡುಬಿದಿರೆ
೧೨ ಮಾರ್ಚ್ ೨೦೨೫

ಪ್ರೀತಿಯ ಸೌದಾ,

ನೀನು ಉಪವಾಸದಲ್ಲಿರುವ ದಿನಗಳಲ್ಲಿ ಈ ಕಾಗದ ಹಾಕುವುದು ಸರಿಯಾ ಎಂದು ಬಹಳ ಯೋಚಿಸಿದೆ. ಹಬ್ಬ ಮುಗಿಯಲಿ ಎಂದರೆ ಕಂಪನಿಯವರ ಗಡುವು ಮುಗಿಯುತ್ತದೆ. ಅದಕ್ಕೆ ಒಂದು ಮಾತು: ಇದನ್ನು ಹಗಲು ಓದಬೇಡ. ಸಂಜೆ ಉಪವಾಸ ಬಿಟ್ಟು, ಏನಾದರೂ ತಿಂದು, ಎಲ್ಲರೂ ಅವರವರ ಕೆಲಸಕ್ಕೆ ಹೋದ ಮೇಲೆ ಒಬ್ಬಳೇ ಕೂತು ಓದು. ಊರು ಸೇರಿದ ಕೂಡಲೇ ಬರೆಯಬೇಕಿತ್ತು. ಎರಡು ವಾರವಾಗಿ ಹೋಯಿತು.

ಆ ದಿನ ನಿನ್ನಲ್ಲಿಗೆ ಬರುವಾಗ ಕಲ್ಲಡ್ಕದಲ್ಲಿ ರಸ್ತೆ ಕೆಲಸದ ಧೂಳಿನಲ್ಲಿ ಕಾರು ಮುಕ್ಕಾಲು ಗಂಟೆ ನಿಂತಿತ್ತು. ನಿನ್ನನ್ನು ಕಾಯಿಸಿದೆವು. ವಿಟ್ಲ ದಾಟಿದ ಮೇಲೆ ಅಕ್ಷಿತಾ ಒಬ್ಬಳೇ ಮಾತಾಡಿದಳು. ನೀನು ಅಂಗಳಕ್ಕೆ ಇಳಿದು ಬಂದು, ತಲೆಯ ಬಟ್ಟೆ ಸರಿಮಾಡಿಕೊಂಡು, ಬಿಳಿ ಕೂದಲು ನೋಡಿ ನೀನು ನಿನ್ನ ತಾಯಿಯ ಹಾಗೆಯೇ ಆಗಿದ್ದೀಯ ಎಂದೆಯಲ್ಲ, ಆಗ ಒಂದು ಕ್ಷಣ ಎಲ್ಲ ಮರೆತೆ. ಒಂದು ಎಳನೀರು ಎಂದು ಬರೆದಿದ್ದಕ್ಕೆ ಮೇಜು ತುಂಬ ಇಟ್ಟಿದ್ದೆ. ಉಝ್ಮಾ ಈರುಳ್ಳಿ ಹಾಕದ್ದು ಯಾವುದೆಂದು ಬೇರೆ ತೋರಿಸಿದಳು.

ನೀನು ಓದಿದ್ದು ನಿನಗೇ ಕೇಳಿಸಲಿಲ್ಲ, ಹಾಗಾಗಿ ಹೇಗಿತ್ತೆಂದು ನಾನು ಹೇಳುತ್ತೇನೆ. ಮೊದಲ ಪುಟದಲ್ಲಿ ಧ್ವನಿ ಜೋರಾಗಿತ್ತು, ಕಿವಿ ಮಂದವಾದವರು ಮಾತಾಡುವ ಹಾಗೆ. ಎರಡನೆಯ ಪುಟದಿಂದ ಇಳಿಯಿತು. ‘ಅವಳು ಏನೋ ಹೇಳಬೇಕೆಂದು ಬಾಯಿ ತೆರೆದಳು. ಆ ಮಾತಿಗೆ ಎಷ್ಟು ಗಾಳಿ ಬೇಕೆಂದು ಲೆಕ್ಕ ಹಾಕಿದಳು. ಬಾಯಿ ಮುಚ್ಚಿದಳು.’ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನೀನು ಅದನ್ನು ಎಲ್ಲಿಂದ ತಂದೆ? ಅಕ್ಷಿತಾ ಕ್ಯಾಮೆರಾ ಹಿಡಿದುಕೊಂಡೇ ಅಳುತ್ತಿದ್ದಳು. ರಾಫಿಯಾ ಬಾಗಿಲಿಗೆ ಒರಗಿ ನಿಂತಿದ್ದಳು. ತನ್ನ ತಾಯಿ ಇಂಥದ್ದು ಬರೆದದ್ದು ತನಗೆ ಗೊತ್ತೇ ಇರಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು.

ಒಳ್ಳೆಯ ಸುದ್ದಿ ಮೊದಲು. ಆ ಮೂವರು ಒಪ್ಪಿದ್ದಾರೆ. ಒಂಬತ್ತನೆಯ ಕಂತು ಇಡಿಯಾಗಿ ಉಳಿಯುತ್ತದೆ, ಮ್ಯೂಸಿಕ್ ಇಲ್ಲ. ಕನ್ನಡಕದವರು ಇನ್ನೊಮ್ಮೆ ಹಾಕಲು ಹೇಳಿ ಮೊಬೈಲ್ ಮುಟ್ಟದೆ ನೋಡಿದರಂತೆ. ದ್ರೋಹಿಯೂ ಬೇಡವೆಂದಾಯಿತು. ಸ್ಫೋಟ ಮಾತ್ರ ಒಂದು ಇರಲಿ ಎಂದಿದ್ದಾರೆ. ಇರಲಿ ಬಿಡು. ಉಳಿದ ಕಂತುಗಳನ್ನು ತಿದ್ದಲು ನೀನೂ ಕೂಡಬೇಕೆಂದು ಅಕ್ಷಿತಾ ಕೇಳಿದ್ದಾಳೆ.

ಆದರೆ ಅದೇ ದಿನ ಅವಳು ಸಹಿಯ ಕಾಗದ ಮುಂದಿಟ್ಟಾಗ ನೀನು ಅದನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದೆ. “ಶಶಿಯ ಹೆಸರು ಮೊದಲು ಇದ್ದ ಹಾಗೆಯೇ ಇರ್ಲಿ. ನನ್ನದು ಬೇಡ. ನಮ್ಮ ಬಾಪನಿಗೆ ನಾನು ಬರೆಯುವುದು ಇಷ್ಟ ಇರ್ಲಿಲ್ಲ. ಆಮೇಲೆ ನಾನು ಏನು ಬರೆದ್ರೂ ಅವರಿಗೆ ತೋರಿಸ್ಲಿಲ್ಲ, ಅವರೂ ಕೇಳ್ಲಿಲ್ಲ” ಎಂದೆ. ಸಿಟ್ಟಿನಿಂದ ಹೇಳಲಿಲ್ಲ ನೀನು. ಇಂಥ ಕಡೆ ಬಾವಿ ಉಂಟು, ಇಂಥ ಕಡೆ ದಾರಿ ಉಂಟು ಎಂದು ಹೇಳುವ ಹಾಗೆ ಹೇಳಿದೆ. ಖಲೀಲರು, ಅವರ ಮಾತಿಗೆ ಮರ್ಯಾದೆ ಕೊಡುವುದು ಒಳ್ಳೆಯದೇ ಎಂದರು. ನಾನು ಎದುರಿನ ತಟ್ಟೆ ನೋಡುತ್ತ ಕೂತಿದ್ದೆ. ಆಗಲೇ ಹೇಳಬೇಕಿತ್ತು. ಮನೆ ತುಂಬ ಜನ ಇದ್ದರು ಎಂದು ನೆಪ ಮಾಡಿಕೊಂಡೆ. ಅಂಗಳದಲ್ಲಿ ನಾವಿಬ್ಬರೇ ಇದ್ದಾಗಲೂ ಹೇಳಲಿಲ್ಲ, ಕೂಗಿ ಹೇಳಬೇಕಾಗುತ್ತದೆ ಎಂದು ಇನ್ನೊಂದು ನೆಪ.

ವಾಪಸು ಬರುವಾಗ ಅಕ್ಷಿತಾ ಕೇಳಿದಳು, “ಅವರ ತಂದೆ ಅಷ್ಟು ಕಟ್ಟುನಿಟ್ಟಾ ಮೇಡಂ?” ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದೆ. ಬಂಟ್ವಾಳದ ಸೇತುವೆ ದಾಟುವವರೆಗೂ ಮುಚ್ಚಿಕೊಂಡೇ ಇದ್ದೆ.

ನಿನ್ನೆ ಅವಳಿಗೆ ಬರೆದು ತಿಳಿಸಿದ್ದೇನೆ. ಒಂಬತ್ತನೆಯ ಕಂತು ಸೌದಾಳದು, ಉಳಿದದ್ದು ಇಬ್ಬರದು, ಅವಳ ಸಹಿ ಇಲ್ಲದೆ ನನ್ನ ಸಹಿಯೂ ಇಲ್ಲ ಎಂದು. ಅಕ್ಷಿತಾ ಗಾಬರಿಯಾಗಿದ್ದಾಳೆ, ಸಹಿ ಸಿಗದಿದ್ದರೆ ಎಲ್ಲ ನಿಲ್ಲುತ್ತದೆ. ನಿಂತರೆ ನಿಲ್ಲಲಿ. ಆದರೆ ಆ ಹುಡುಗಿಯ ಮೂರು ವರ್ಷದ ಕೆಲಸ ಅದು.

ನಿನ್ನ ಉಪವಾಸ ಚೆನ್ನಾಗಿ ನಡೆಯಲಿ. ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳು ಎಲ್ಲ ನಿನ್ನ ಸುತ್ತ ಕೂರಲಿ. ರಾಫಿಯಾಳಿಗೆ, ಉಝ್ಮಾಳಿಗೆ ನನ್ನ ಆಶೀರ್ವಾದ. ನಿನ್ನ ಕೈಗೆ ಶಕ್ತಿ ಇರಲಿ, ಇನ್ನೂ ಬರೆ.

ಶಶಿಪ್ರಭಾ

ತಾ. ಕ.: ಕಾಗದ ಮುಗಿಸಿದೆ, ಆದರೆ ಹೇಳಬೇಕಾದ್ದು ಬರೆದಿಲ್ಲ. ಈಗ ಬರೆಯುತ್ತೇನೆ.

ಹಮೀದಾಕ ಬೇಡ ಎನ್ನಲಿಲ್ಲ ಸೌದಾ.

ನಿನ್ನ ಹೆಸರು ಹಾಕಬಹುದಾ ಎಂದು ಕೇಳಲು ನೀನೇ ನನ್ನನ್ನು ಅವರ ಅಂಗಡಿಗೆ ಕಳಿಸಿದ್ದು. “ನಾನು ಕೇಳಿದರೆ ಎರಡು ದಿನ ಯೋಚಿಸುತ್ತಾರೆ, ನೀನು ಕೇಳಿದರೆ ಆಗಲೇ ಹೇಳುತ್ತಾರೆ” ಎಂದಿದ್ದೆ ನೀನು. ಆಗಲೇ ಹೇಳಿದರು. ಹಗ್ಗ ಅಳೆಯುತ್ತಿದ್ದವರು ಅದನ್ನು ಬಿಟ್ಟು ಬಂದು ಎದುರು ಕೂತರು. “ಟಿವಿಯಲ್ಲಿ ಬರ್ತದೆಯಾ? ಹಾಗಾದ್ರೆ ಪೂರ್ತಿ ಹೆಸರು ಹಾಕ್ಲಿಕ್ಕೆ ಹೇಳು ಮಗಾ. ಸೌದಾ ಶಾಹುಲ್ ಹಮೀದ್. ತಂದೆಯ ಹೆಸರು ಬಿಡ್ಬಾರ್ದು” ಎಂದರು. ಪಕ್ಕದ ಅಂಗಡಿಯವರನ್ನು ಕರೆದು ಹೇಳಲು ಹೊರಟಿದ್ದರು. ನಾನೇ ತಡೆದೆ. ಸೌದಾಳಿಗೂ ಈಗ ಹೇಳಬೇಡಿ, ಟಿವಿಯಲ್ಲಿ ಬಂದಾಗಲೇ ಗೊತ್ತಾಗಲಿ, ಸಂತೋಷಪಡುತ್ತಾಳೆ ಎಂದೆ. ಚಿಕ್ಕ ಮಗುವಿನ ಹಾಗೆ ಒಪ್ಪಿದರು.

ಆಮೇಲೆ ನಿಮ್ಮ ಮನೆಯ ಮಹಡಿ ಹತ್ತಿ ಬಂದು, ಬೇಡ ಅಂದರು, ಮನೆಯಲ್ಲಿ ಈ ಮಾತು ಎತ್ತಲೇಬಾರದು ಅಂದರು ಎಂದು ನಿನಗೆ ಹೇಳಿದೆ. ನೀನು ಒಂದು ಪ್ರಶ್ನೆ ಕೂಡ ಕೇಳಲಿಲ್ಲ. ಯಾಕೆ ಕೇಳುತ್ತೀ? ನಮ್ಮ ಊರಿನಲ್ಲಿ ಯಾರಿಗೆ ಹೇಳಿದ್ದರೂ ನಂಬುತ್ತಿದ್ದರು. ಬ್ಯಾರಿಗಳ ಮನೆಯ ತಂದೆ, ಮಗಳ ಹೆಸರು ಟಿವಿಯಲ್ಲಿ ಬೇಡ ಅಂದ ಎಂದರೆ ಯಾರು ಅನುಮಾನಪಡುತ್ತಾರೆ? ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಸುಳ್ಳು ಆರಿಸಿಕೊಂಡೆ.

ಕಾರಣ ಇಷ್ಟೇ. ಆ ವಾರ ನಿರ್ಮಾಪಕರ ಪತ್ರ ಬಂದಿತ್ತು, ನಾನು ನಿನಗೆ ತೋರಿಸದ ಪತ್ರ. ಒಂಬತ್ತನೆಯ ಕಂತು ಬರೆದವರು ಯಾರು, ಉಳಿದದ್ದೆಲ್ಲ ಪಾಠದ ಹಾಗಿದೆ, ಅವರೇ ಎಲ್ಲವನ್ನೂ ತಿದ್ದಿ ಬರೆದರೆ ಒಳ್ಳೆಯದು ಎಂದಿತ್ತು. ಪಾಠದ ಹಾಗಿದೆ ಎಂಬ ಮಾತನ್ನು ನನಗೆ ನುಂಗಲಾಗಲಿಲ್ಲ. ನನಗೆ ಇಪ್ಪತ್ತಮೂರು ವರ್ಷ ಎಂದು ಹೇಳಿಕೊಳ್ಳುವುದಿಲ್ಲ, ನಿನಗೂ ಅಷ್ಟೇ ಆಗಿತ್ತು.

ಧಾರಾವಾಹಿ ಶುರುವಾದ ಮೇಲೆ ಪ್ರತಿ ವಾರ ಹಮೀದಾಕ ಪಕ್ಕದ ಅಂಗಡಿಗೆ ಹೋಗಿ ಟಿವಿಯ ಮುಂದೆ ನಿಲ್ಲುತ್ತಿದ್ದರು. ಮೂರನೆಯ ವಾರ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ಕೇಳಿದರು, “ಹೆಸರು ಯಾಕೆ ಬರ್ಲಿಲ್ಲ ಮಗಾ?” ಬೆಂಗಳೂರಿನವರು ಜಾಗ ಸಾಲದೆಂದು ಬಿಟ್ಟರು ಎಂದೆ. ಅವರು ಹೇಳಿದರು, “ಇರ್ಲಿ. ಅವಳತ್ರ ನಾನು ಈ ಮಾತು ತೆಗಿಯುದಿಲ್ಲ. ನೀನೂ ತೆಗಿಬೇಡ. ಅವಳಿಗೆ ಬೇಸರ ಆಗ್ತದೆ.”

ಅದಕ್ಕೇ ಅವರು ಕೇಳಲಿಲ್ಲ, ಸೌದಾ. ತೀರಿಹೋಗುವವರೆಗೆ ಹದಿನೇಳು ವರ್ಷ ಕೇಳಲಿಲ್ಲ. ಅವರ ಮಯ್ಯತ್ತಿನ ದಿನ ನಾನು ನಿಮ್ಮ ಅಂಗಳದಲ್ಲಿ ಹೆಂಗಸರ ನಡುವೆ ಕೂತು ನಿನ್ನ ಬೆನ್ನು ಸವರಿದೆ, ಆಗಲೂ ಹೇಳಲಿಲ್ಲ. ಹಿಂದಿನ ಕಾಗದದ ಕೊನೆಯಲ್ಲಿ, ಈಗ ಇದ್ದಿದ್ದರೆ ಬೇಡ ಅನ್ನುತ್ತಿರಲಿಲ್ಲವೇನೋ ಎಂದು ಬರೆದೆನಲ್ಲ, ಅದು ಪುನಃ ಅದೇ ಸುಳ್ಳು.

ಕ್ಷಮೆ ಕೇಳುವುದಿಲ್ಲ. ಕೊಡಬೇಕಾದವರಲ್ಲಿ ಒಬ್ಬರು ಇಲ್ಲ.

ಸಹಿಯ ಕಾಗದ ಇದರ ಜೊತೆಗಿದೆ. ಹೆಸರು ಅವರು ಹೇಳಿದ ಹಾಗೆಯೇ ಪೂರ್ತಿ ಬರೆಸಿದ್ದೇನೆ, ನಿನ್ನದು ಮೊದಲು. ಸಹಿ ಹಾಕುವುದು ಬಿಡುವುದು ನಿನ್ನ ಮನಸ್ಸು, ಆದರೆ ಅವರು ಬೇಡ ಅಂದಿದ್ದರು ಎಂಬ ಕಾರಣಕ್ಕೆ ಬಿಡಬೇಡ. ಸ್ಟಾಂಪು ಅಂಟಿಸಿದ ಲಕೋಟೆಯನ್ನೂ ಇಟ್ಟಿದ್ದೇನೆ. ಅದರ ಮೇಲಿರುವುದು ಅಕ್ಷಿತಾಳ ವಿಳಾಸ. ನೀನು ನನಗೆ ಬರೆಯಬೇಕಾಗಿಲ್ಲ.